ಯಾವ ಭಾಷೆಗೆ ಯಾವ ಪಾನೀಯ?

ಕಂಪ್ಯೂಟರ್ ಭಾಷೆಗೂ ಕುಡಿಯುವ ಪದಾರ್ಥಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಹುಬ್ಬೇರಿಸಬೇಡಿ. ಸಂಬಂಧ ಬೆಳೆಸಿದವರು ಭಾಷೆ ಮಾಡಿದವರೇ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಹೊರತಂದ ಭಾಷೆಗೆ ಮೊದಲಿದ್ದುದು 'ಓಕ್' ಎಂಬ ಮರದ ಹೆಸರು. ಅದು ಆಗಲೇ ಬೇರೆಯವರ ಪಾಲಾಗಿದ್ದರಿಂದ 'ಜಾವಾ' ಎಂದು ಮರುನಾಮಕರಣವಾಯಿತು. ಜಾವಾ ಎಂದರೆ ಕಾಫಿ ಬೆಳೆಯುವ ಇಂಡೊನೇಷ್ಯದ ದ್ವೀಪ; ಅಮೆರಿಕನ್ನರ ಆಡುಮಾತಿನಲ್ಲಿ ಕಾಫಿಯೇ. ಲಾಂಛನವೂ ಹಬೆಯಾಡುವ ಕಾಫಿ ಬಟ್ಟಲು.

ಇದಕ್ಕೆ ನಮ್ಮ ಫಿಲ್ಟರ್ ಕಾಫಿಯೇ ಸರಿಜೋಡಿ. ಫಿಲ್ಟರ್ ತೊಳೆಯಬೇಕು, ಪುಡಿ ಹಾಕಬೇಕು, ಬಿಸಿನೀರು ಸುರಿದು ಡಿಕಾಕ್ಷನ್ ಇಳಿಯುವವರೆಗೆ ಕಾಯಬೇಕು. ಜಾವಾದಲ್ಲಿ ಪರದೆಯ ಮೇಲೆ ಬರೀ 'ನಮಸ್ಕಾರ' ಮೂಡಿಸಲೂ ಬಹುಕಾಲ ಇಷ್ಟೇ ಪೀಠಿಕೆ ಬೇಕಾಗುತ್ತಿತ್ತು.

ಅದೇ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇನ್ನೊಂದು ಭಾಷೆಯ ಮೊದಲ ರೂಪ ಹೊಸೆದರು. ಅದರ ಮೊದಲ ಹೆಸರು 'ಮೋಕಾ'. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿಯಿದೆಯಲ್ಲ, ಆ ಬೀಜಗಳು ಬಂದ ಯೆಮನ್ ದೇಶದ ಬಂದರು ಇದೇ ಮೋಕಾ. ಜಾವಾದ ಹೆಸರು ಊರೆಲ್ಲ ಓಡಾಡತೊಡಗಿದಾಗ ಅದು ಕೊನೆಗೆ 'ಜಾವಾಸ್ಕ್ರಿಪ್ಟ್' ಆಯಿತು. ಎರಡಕ್ಕೂ ಇರುವ ನಂಟು ಜೀರಿಗೆಗೂ ಜೀರುಂಡೆಗೂ ಇರುವಷ್ಟೇ! ಇದಕ್ಕೆ ಬಸ್‌ಸ್ಟ್ಯಾಂಡಿನ ಚಹಾ ಸೂಕ್ತ. ಅವಸರದಲ್ಲಿ ಆದದ್ದು, ಬೈಸಿಕೊಂಡದ್ದು, ಆದರೂ ಎಲ್ಲಿ ಹೋದರೂ ಅದೇ ಸಿಗುವುದು.

ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ 'ಸಿ' ಭಾಷೆ ಕಟ್ಟೆಯಿಲ್ಲದ ಬಾವಿಯ ನೀರು. ಹಗ್ಗ, ಕೊಡ, ತೋಳ್ಬಲ ಎಲ್ಲ ನಿಮ್ಮದೇ. ಗೆರೆ ದಾಟಿ ಕಾಲಿಟ್ಟರೆ 'ಜೋಕೆ' ಎನ್ನುವವರಿಲ್ಲ. ಬಿದ್ದ ಸದ್ದು ಕೇಳಿದ ಮೇಲೆ ಜನ ಸೇರುತ್ತಾರೆ. ಆದರೆ ನೀರಿಲ್ಲದೆ ಯಾವ ಪಾನೀಯವಿದೆ ಹೇಳಿ? ಎಲ್ಲರ ಮೆಚ್ಚಿನ ಪೈಥಾನ್‌ನ ಮುಖ್ಯ ಆವೃತ್ತಿಯನ್ನು ಬರೆದಿರುವುದೂ ಸಿ ಭಾಷೆಯಲ್ಲೇ.

ಪೈಥಾನ್ ಹೆಬ್ಬಾವಲ್ಲ. ಗೈಡೊ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ ಹೆಸರು ಬಂದದ್ದು ಬಿಬಿಸಿಯ ಹಾಸ್ಯ ಕಾರ್ಯಕ್ರಮದಿಂದ. ಇದು ಮಜ್ಜಿಗೆ. ಮಕ್ಕಳಿಗೂ ಮುದುಕರಿಗೂ ಒಗ್ಗುತ್ತದೆ. ಆದರೆ ಪಂಕ್ತಿ ಕೆಡಬಾರದು. ಸಾಲೊಂದು ಎರಡು ಖಾಲಿ ಜಾಗದಷ್ಟು ಆಚೀಚೆ ಸರಿದರೂ ಅಡುಗೆಭಟ್ಟರು ಬಡಿಸದೆ ಮುಂದೆ ಹೋಗುತ್ತಾರೆ.

ಇನ್ನು 1959ರಲ್ಲಿ ರೂಪುಗೊಳ್ಳತೊಡಗಿದ ಕೋಬಾಲ್. ಇದು ಅಜ್ಜಿಯ ಕಷಾಯ. ಮೈ ಚೆನ್ನಾಗಿದ್ದಾಗ ಮೂಗು ಮುರಿಯುವವರೇ ಎಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಮುಗಿಬಿದ್ದಾಗ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ 'ಕೋಬಾಲ್ ಬಲ್ಲವರು ಬನ್ನಿ' ಎಂದು ಬಹಿರಂಗವಾಗಿ ಕೇಳಬೇಕಾಯಿತು. ಅದೇ ಹೊತ್ತಿನಲ್ಲಿ ನಮ್ಮ ಮನೆಗಳಲ್ಲೂ ಶುಂಠಿ-ಮೆಣಸಿನ ಕಷಾಯ ಕುದಿಯುತ್ತಿತ್ತು!

ಕಾಫಿಯವರಿಗೆ ಚಹಾದವರು ಕಂಡರಾಗದು, ಮಜ್ಜಿಗೆಯವರನ್ನು ಕಂಡರೆ ಬಾವಿನೀರಿನವರಿಗೆ ತಾತ್ಸಾರ. ಈ ಜಗಳದಲ್ಲಿ ಬಡವಾಗುವವರು ಮಕ್ಕಳು. 'ಈ ಭಾಷೆ ಬಾರದಿದ್ದರೆ ಭವಿಷ್ಯವೇ ಇಲ್ಲ' ಎಂಬ ಮಾತಿಗೆ ಹೆದರಿ, ಕೈಬಳೆ ಅಡವಿಟ್ಟಾದರೂ ಫೀಸು ಕಟ್ಟಲು ಹೊರಡುವ ತಂದೆತಾಯಿಗಳಿದ್ದಾರೆ. 'ಮೇಷ್ಟ್ರೇ, ಹುಡುಗನನ್ನು ಯಾವುದಕ್ಕೆ ಸೇರಿಸಲಿ? ಈಗ ಯಂತ್ರವೇ ಪ್ರೋಗ್ರಾಂ ಬರೆಯುತ್ತದಂತಲ್ಲ?' ಎಂದು ಕೇಳುತ್ತಾರೆ. ಬರೆಯಲಿ ಬಿಡಿ. ಬರೆದದ್ದು ಸರಿಯೇ ಎಂದು ರುಚಿ ನೋಡಲು ನಾಲಗೆ ನಮ್ಮದೇ ಬೇಕಲ್ಲ.

ಅದಕ್ಕೆ ನನ್ನದೊಂದು ಪರೀಕ್ಷೆಯಿದೆ. ಚಹಾ ಮಾಡುವ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಹಾಳೆಯ ಮೇಲೆ ಬರೆಯಲು ಮಗುವಿಗೆ ಹೇಳಿ. 'ಹಾಲು ಉಕ್ಕಿದರೆ ಒಲೆ ಸಣ್ಣ ಮಾಡು' ಎಂಬ ಸಾಲನ್ನೂ ತಾನಾಗಿ ಸೇರಿಸಿತೋ, ಆ ಮಗುವಿಗೆ ಯಾವ ಭಾಷೆಯೂ ಕಷ್ಟವಲ್ಲ. ಇದಕ್ಕೆ ಕಂಪ್ಯೂಟರೂ ಬೇಡ, ಫೀಸೂ ಬೇಡ. ಅದೃಷ್ಟವಿದ್ದರೆ ನಿಮಗೊಂದು ಲೋಟ ಚಹಾ ಸಿಕ್ಕೀತು.