ಕಲಬುರಗಿ ಶಿಕ್ಷೆಯ ಊರಲ್ಲ

2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ್ದೇ ತಡ, ‘ನಮ್ಮ ಪ್ರತಿಭೆಗಳು ಇನ್ನಾದರೂ ತಾಯ್ನಾಡಿಗೆ ಮರಳಲಿ’ ಎಂಬ ರಾಗ ಬೆಂಗಳೂರಿನಲ್ಲಿ ಶುರುವಾಯಿತು. ಮರಳಿ ಎಲ್ಲಿಗೆ ಬರಬೇಕು? ಹಾಗೆ ಬರೆದ ಲೇಖಕ ಮಿತ್ರರ ಲೆಕ್ಕದಲ್ಲಿ ತಾಯ್ನಾಡೆಂದರೆ ಬೆಂಗಳೂರೊಂದೇ. ನಮ್ಮ ಕಡೆಯಿಂದ ಮುಂಬೈ, ಪುಣೆಗೆ ಗುಳೆ ಹೋಗುವ ಕೂಲಿಕಾರರ ಬಗ್ಗೆ ಇವರು ಇಷ್ಟು ಕಳವಳಪಟ್ಟದ್ದನ್ನು ನಾನು ಕಂಡಿಲ್ಲ.

ಹೊರನಾಡಿನ ಕುಶಲಿಗಳನ್ನು ಕರೆಸುವ ವಿದ್ಯೆ ಜರ್ಮನಿ, ಕೆನಡಾಗಳಷ್ಟೇ ಕಂಡುಕೊಂಡದ್ದಲ್ಲ. ನಮ್ಮ ಸೀಮೆಗೂ ಅದು ಹಿಂದೆಯೇ ಗೊತ್ತಿತ್ತು. ಇಲ್ಲಿನ ಮಹಾಗಾಂವ ಕ್ರಾಸಿನ ಹಾದಿ ಒಂದು ಕಡೆ ಕಲಬುರಗಿಗೆ, ಇನ್ನೊಂದು ಕಡೆ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗುತ್ತದೆ. ಕಲಬುರಗಿ, ಬೀದರ್ ಎರಡೂ ಬಹಮನಿ ಸುಲ್ತಾನರ ರಾಜಧಾನಿಗಳಾಗಿದ್ದವು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನ್ ಮೂಲದ ರಫಿ. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಹಾ ಪ್ರತಿವರ್ಷ ಗೋವಾ, ಚೌಲ್ ಬಂದರುಗಳಿಂದ ಹಡಗು ಕಳಿಸಿ ವಿದ್ವಾಂಸರನ್ನು, ಗುಣವಂತರನ್ನು ಕರೆಸುತ್ತಿದ್ದನೆಂದು ಫರಿಶ್ತಾ ಬರೆದಿದ್ದಾನೆ. ಆ ಇತಿಹಾಸಕಾರನೂ ಹೊರಗಿನಿಂದ ದಖನ್ನಿಗೆ ಬಂದು ವಿಜಯಪುರದಲ್ಲಿ ಆಶ್ರಯ ಪಡೆದವನೇ. ಶಿರಾಜಿನ ಕವಿ ಹಾಫಿಜನಿಗೂ ಇಲ್ಲಿಂದ ದಾರಿಖರ್ಚಿನ ಹಣ ಹೋಗಿತ್ತು. ಸಮುದ್ರದ ಬಿರುಗಾಳಿಗೆ ಹೆದರಿ ಅವನು ಹಿಂದಿರುಗಿದ.

ಬಂದವರಿಗೆ ಇಲ್ಲಿ ಸಿಕ್ಕದ್ದು ಬರೀ ದುಡ್ಡಲ್ಲ. ದರ್ಬಾರಿನಲ್ಲಿ ಸ್ಥಾನ, ಜಾಗೀರು, ಕಲಿತ ವಿದ್ಯೆಗೆ ತಕ್ಕ ಕೆಲಸ ಸಿಕ್ಕವು. ಗೀಲಾನಿನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಪ್ರಧಾನಿಯಾದ, ಬೀದರಿನಲ್ಲಿ ಮದರಸಾ ಕಟ್ಟಿಸಿದ. ದಖನಿಗಳು ಮತ್ತು ಪರದೇಶಿಗಳ ಜಗಳದಲ್ಲಿ, ಒಂದು ಖೊಟ್ಟಿ ಪತ್ರವನ್ನು ನಂಬಿದ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ರಾಜ್ಯ ಆಮೇಲೆ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ಅಂಥ ಸೀಮೆ ಇವತ್ತು ಸರಕಾರದ ಕಣ್ಣಿಗೆ ಶಿಕ್ಷೆಯ ಜಾಗ. ‘ಗುಲಬರ್ಗಾಕ್ಕೆ ಎತ್ತಿ ಹಾಕ್ತೀವಿ’ ಎಂಬುದು ಕಚೇರಿಗಳಲ್ಲಿ ಈಗಲೂ ಬೆದರಿಕೆಯ ಮಾತು. ತಪ್ಪು ಮಾಡಿದವರನ್ನು ಅಟ್ಟುವ ಊರಿಗೆ ಸಮರ್ಥರು ತಾವಾಗಿ ಯಾಕೆ ಬಂದಾರು? ವೈದ್ಯಕೀಯ ಓದಿದವರಿಗಾಗಿ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿದೆವು. ಕಾನೂನಿಗೆ ಅಂಜಿ ಬಂದವರು ಊರಿಗೆ ಬೇರು ಬಿಡುವುದಿಲ್ಲ, ದಿನ ಎಣಿಸುತ್ತಾರೆ.

ಈ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ನಮ್ಮ ಹಕ್ಕು. ಅದರ ಒಂದಕ್ಷರವನ್ನೂ ಬಿಡಕೂಡದು. ಆದರೆ ಮೀಸಲಾತಿಯಿಂದ ನಮ್ಮ ಮಕ್ಕಳಿಗೆ ಸೀಟು ಸಿಕ್ಕರೆ ಸಾಲದು, ಅವರಿಗೆ ಕಲಿಸುವ ಉತ್ತಮ ಗುರುಗಳೂ ಇಲ್ಲಿಗೆ ಬರಬೇಕು. ಹೊರಗಿನವರೆಂದರೆ ನಮ್ಮ ಅನ್ನ ಕಸಿಯುವವರು ಎಂದು ಭಾಷಣ ಮಾಡುವ ನಮ್ಮವರೇ ಗವಾನನ ಕತೆಯನ್ನು ಇನ್ನೊಮ್ಮೆ ಓದಲಿ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲೇ ಇಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಅಲ್ಲಿ ಕಲಿತು ಕೊಲ್ಲಿಗೋ ಅಮೆರಿಕಕ್ಕೋ ಹೋದವರನ್ನು ದ್ರೋಹಿಗಳೆಂದು ಬೈಯುವ ಲೇಖನಗಳನ್ನು ಈ ಪತ್ರಿಕೆ ಹಿಂದಿರುಗಿಸಿದೆ, ಮುಂದೆಯೂ ಹಿಂದಿರುಗಿಸುತ್ತದೆ.

ಕಮಲಾಪುರದಂಥ ಹೊಸ ತಾಲೂಕಿಗೆ ತಜ್ಞ ವೈದ್ಯರು ಬೇಕಿದ್ದರೆ ವಾಸಕ್ಕೆ ಯೋಗ್ಯ ಮನೆ, ಕೆಲಸಕ್ಕೆ ಬೇಕಾದ ಉಪಕರಣ, ಮಕ್ಕಳಿಗೆ ಒಳ್ಳೆಯ ಶಾಲೆ, ಹೆಚ್ಚಿನ ಸಂಬಳ ಕೊಡಬೇಕು. ಇಲ್ಲಿನ ಸೇವೆಯನ್ನು ಬಡ್ತಿಯ ಲೆಕ್ಕಕ್ಕೆ ಹಿಡಿಯಬೇಕು. ಶಿಸ್ತುಕ್ರಮದ ವರ್ಗಾವಣೆಗಳು ಕಲ್ಯಾಣ ಕರ್ನಾಟಕಕ್ಕೆ ಬರುವುದನ್ನು ಸರಕಾರ ಲಿಖಿತ ಆದೇಶ ಹೊರಡಿಸಿ ನಿಲ್ಲಿಸಬೇಕು.