ಲೆಕ್ಕ ಒಪ್ಪಿಸುವ ವಿದ್ಯೆ

ಮೊನ್ನೆ ಸಂಜೆ ಕಾಫಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಸಣ್ಣದೊಂದು ಕೋಲಾಹಲ. ಬಿ.ಎಸ್‌ಸಿ. ಓದುತ್ತಿರುವ ಮೊಮ್ಮಗನನ್ನು ಅಧ್ಯಾಪಕರು ತರಗತಿಯ ಪ್ರತಿನಿಧಿಯನ್ನಾಗಿ ನೇಮಿಸಿದ್ದರು. “ಓದುವ ಹುಡುಗನಿಗೆ ಈ ಪುಢಾರಿತನವೇಕಪ್ಪಾ? ನೀವಾದರೂ ಬುದ್ಧಿ ಹೇಳಿ” ಎಂದಳು ಮಗಳು. ಹುಡುಗನ ದೂರು ಬೇರೆಯದೇ. “ತಾತ, ಅಂಕ ಹೆಚ್ಚೆಂದು ನನ್ನನ್ನು ಆರಿಸಿದರು. ಗೆಳೆಯರನ್ನು ಯಾರೂ ಕೇಳಲಿಲ್ಲ. ಹಾಗಾದರೆ ನಾನು ಯಾರ ಪ್ರತಿನಿಧಿ?”

ಅವನ ಪ್ರಶ್ನೆ ನನ್ನನ್ನು ಅರ್ಧ ಶತಮಾನ ಹಿಂದಕ್ಕೆ ಕೊಂಡೊಯ್ದಿತು. ಆಗ ನಾನು ಕಾಲೇಜು ಸಂಘದ ಚುನಾಯಿತ ಕಾರ್ಯದರ್ಶಿ. ವಾರ್ಷಿಕೋತ್ಸವದ ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಹದಿನೇಳು ರೂಪಾಯಿ ಎಲ್ಲಿ?” ಎಂದು ಕೇಳಿದ. ಹೂಮಾಲೆಗೂ ಗಾಡಿಯ ಬಾಡಿಗೆಗೂ ನಾನು ರಸೀತಿ ಪಡೆದಿರಲಿಲ್ಲ. ತಲೆ ತಗ್ಗಿಸಿ ಕ್ಷಮೆ ಕೇಳಿ, ಆ ಹಣವನ್ನು ನನ್ನ ಜೇಬಿನಿಂದ ಕಟ್ಟಿದೆ. ಪೌರನೀತಿಯ ಪುಸ್ತಕ ಮೂರು ವರ್ಷದಲ್ಲಿ ಕಲಿಸದಿದ್ದುದನ್ನು ಆ ಮೂರು ನಿಮಿಷ ಕಲಿಸಿತು.

ಮಗಳ ಭಯವೂ ಸುಳ್ಳಲ್ಲ. ಕಾಲೇಜು ಚುನಾವಣೆಗಳಲ್ಲಿ ಪಕ್ಷಗಳ ಹಣವೂ ತೋಳ್ಬಲವೂ ನುಸುಳಿದುದನ್ನು ನಾಡು ಕಂಡಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಸುಮಾರು ಅದೇ ಕಾಲದಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋದವು. ವಿಧಾನಸಭೆಗೆ ಸದಸ್ಯನನ್ನು ಆರಿಸಬಲ್ಲ ತರುಣನು ತನ್ನ ಕಾಲೇಜಿಗೆ ಕಾರ್ಯದರ್ಶಿಯನ್ನು ಆರಿಸಲಾರದವನಾದನು!

ರೋಗಕ್ಕೆ ಮದ್ದೇ ಇರಲಿಲ್ಲವೆಂದಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ. ಎಂ. ಲಿಂಗ್ಡೋ ಅವರ ಸಮಿತಿಯ ಸಲಹೆಗಳನ್ನು ಜಾರಿಗೊಳಿಸಲು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಅವುಗಳ ಪ್ರಕಾರ ಅಭ್ಯರ್ಥಿಗೆ ಶೇಕಡಾ 75ರಷ್ಟು ಹಾಜರಿ ಇರಬೇಕು. ವೆಚ್ಚ 5,000 ರೂಪಾಯಿ ಮೀರಬಾರದು. ಮುದ್ರಿತ ಭಿತ್ತಿಪತ್ರ ಕೂಡದು. ರಾಜಕೀಯ ಪಕ್ಷಗಳ ಹಣ ಸಲ್ಲದು. ನನಗೆ ಎಲ್ಲಕ್ಕಿಂತ ಹಿಡಿಸಿದ ಕಟ್ಟಳೆ ಮತ್ತೊಂದು: ಫಲಿತಾಂಶ ಬಂದ ಎರಡು ವಾರಗಳೊಳಗೆ ಅಭ್ಯರ್ಥಿಯು ಖರ್ಚಿನ ಲೆಕ್ಕವನ್ನು ಪರಿಶೋಧನೆ ಮಾಡಿಸಿ ಒಪ್ಪಿಸಬೇಕು.

ನಾಯಕತ್ವದ ತಿರುಳು ಇರುವುದು ಇಲ್ಲಿಯೇ ಅಲ್ಲವೇ? ನೇಮಕಗೊಂಡವನು ನೇಮಿಸಿದವರಿಗೆ ಉತ್ತರ ಹೇಳಿದರೆ ಸಾಕು. ಆಯ್ಕೆಯಾದವನು ತನ್ನ ಸರೀಕರ ಮುಂದೆ ನಿಲ್ಲಬೇಕು. ಭಾಷಣ ಮಾಡುವುದು ಸುಲಭ. ಹದಿನೇಳು ರೂಪಾಯಿಗೆ ಉತ್ತರ ಹೇಳುವುದು ಕಷ್ಟ. ಆ ಕಷ್ಟವನ್ನು ಹದಿನೆಂಟರಲ್ಲಿ ಅನುಭವಿಸದವನು ನಲವತ್ತರಲ್ಲಿ ಸಾರ್ವಜನಿಕರ ಹಣಕ್ಕೆ ಹೇಗೆ ಜವಾಬು ಕೊಟ್ಟಾನು?

“ಅಧ್ಯಾಪಕರ ಅನುಮತಿ ಪಡೆದು ಗೆಳೆಯರನ್ನೇ ಕೇಳಿಬಿಡು” ಎಂದೆ. ಮರುದಿನ ಚೀಟಿಗಳನ್ನು ಊಟದ ಡಬ್ಬಿಯಲ್ಲಿ ಹಾಕಿಸಿ, ಎಲ್ಲರ ಎದುರಿಗೇ ಎಣಿಸಿದರಂತೆ. ಪ್ರತಿನಿಧಿಯಾದವಳು ಅವನ ಸಹಪಾಠಿ ಹುಡುಗಿಯೊಬ್ಬಳು. ತರಗತಿಯ ಚಂದಾ ಹಣದ ಲೆಕ್ಕ ನೋಡುವ ಕೆಲಸವನ್ನು ಅವಳು ನಮ್ಮ ಹುಡುಗನಿಗೇ ವಹಿಸಿದ್ದಾಳೆ.

“ಸದ್ಯ, ಪೀಡೆ ಕಳೆಯಿತು” ಎಂದು ಮಗಳು ಅಡಿಗೆಮನೆಗೆ ನಡೆದಳು. ಮರುಕ್ಷಣವೇ ಒಳಗಿನಿಂದ ಅವಳ ದನಿ ಕೇಳಿಸಿತು: “ಎಷ್ಟು ಮತಗಳಲ್ಲಿ ಸೋತೆಯೋ?”