ತೆರೆಯ ಕೂಲಿಯ ಗಾಯ, ತೋಟದ ಕೂಲಿಯ ಗಾಯ



‘ಕೂಲಿ’ ಎಂಬ ಹಿಂದಿ ಚಿತ್ರ ಬಿಡುಗಡೆಯಾದದ್ದು 1983ರಲ್ಲಿ. ರೈಲ್ವೆ ನಿಲ್ದಾಣದಲ್ಲಿ ಹೊರೆ ಹೊರುವ ಇಕ್ಬಾಲನ ಕಥೆ. ಕೂಲಿಗಳು ಮುಷ್ಕರ ಹೂಡುವುದೂ ಅದರಲ್ಲಿದೆ. ಇಂದಿಗೂ ಟಿ.ವಿ.ಯಲ್ಲಿ ಬಂದರೆ ನಮ್ಮ ಮನೆಗಳಲ್ಲಿ ಮಕ್ಕಳೂ ಮುದುಕರೂ ಕೂಡಿ ನೋಡುತ್ತಾರೆ. ನೋಡಲಿ. ಆದರೆ ಆ ಚಿತ್ರ ತಯಾರಾಗುವಾಗ ನಡೆದ ಅಪಘಾತವನ್ನು ಬರೀ ನಾಯಕನ ಪುನರ್ಜನ್ಮದ ಕಥೆಯಾಗಿ ಹೇಳಿ ಮುಗಿಸುತ್ತಾರಲ್ಲ, ಅದಕ್ಕೆ ನಮ್ಮ ತಕರಾರಿದೆ.

ನಡೆದದ್ದು ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, 1982ರ ಜುಲೈ ಕೊನೆಯಲ್ಲಿ. ವಿಶ್ವವಿದ್ಯಾಲಯದ ಆವರಣದಲ್ಲಿ ಅಮಿತಾಭ್ ಬಚ್ಚನ್ ಮತ್ತು ಪುನೀತ್ ಇಸ್ಸಾರ್ ಅವರ ಹೊಡೆದಾಟದ ಚಿತ್ರೀಕರಣ. ಹೊಡೆತ ತಿಂದು ಮೇಜಿನ ಮೇಲೆ ಬೀಳುವಾಗ ಲೆಕ್ಕ ತಪ್ಪಿ, ಮೇಜಿನ ಅಂಚು ನಾಯಕನ ಹೊಟ್ಟೆಗೆ ಬಡಿಯಿತು. ಹೊರಗೆ ರಕ್ತ ಕಾಣಲಿಲ್ಲ. ಒಳಗೆ ಕರುಳು ಹರಿದಿತ್ತು. ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಆಮೇಲೆ ವಿಮಾನದಲ್ಲಿ ಬೊಂಬಾಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಸಾಗಿಸಿದರು. ಆಗಸ್ಟ್ 2ರಂದು ಪ್ರಾಣ ಹೋದಂತೆಯೇ ಆಗಿ ಮರಳಿತು. ಪ್ರಧಾನಿ ಇಂದಿರಾ ಗಾಂಧಿಯವರೇ ನೋಡಲು ಬಂದರು. ದೇಶದ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು. ಸುಮಾರು 200 ಜನ ರಕ್ತ ಕೊಟ್ಟರೆಂದು ಅವರೇ ಹೇಳಿದ್ದಾರೆ. ಸೆಪ್ಟೆಂಬರಿನಲ್ಲಿ ಮನೆಗೆ ಹೋದರು.

ಆ ಪ್ರಾರ್ಥನೆಯನ್ನು ನಾವು ಹೀಯಾಳಿಸುವುದಿಲ್ಲ. ಬಿದ್ದವನು ಶ್ರೀಮಂತನಾದರೂ ಬಿದ್ದವನೇ. ನಾವು ಹೇಳುವುದು ಬೇರೆ. ಕೆಲಸದಲ್ಲಿ ಗಾಯಗೊಂಡವನನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಈ ದೇಶಕ್ಕೆ 1982ರಲ್ಲೇ ಚೆನ್ನಾಗಿ ಗೊತ್ತಿತ್ತು. ಕೆಲಸ ನಿಂತಿತು. ಒಳ್ಳೆಯ ವೈದ್ಯರು ಬಂದರು. ತಿಂಗಳುಗಟ್ಟಲೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತರಲಿಲ್ಲ, ಕಾದರು. ಕಥೆಯಲ್ಲಿ ಸಾಯಬೇಕಾಗಿದ್ದ ಇಕ್ಬಾಲನನ್ನು ನಿರ್ದೇಶಕ ಮನಮೋಹನ ದೇಸಾಯಿ ಬದುಕಿಸಿದರು. ಏಟು ಬಿದ್ದ ಕ್ಷಣ ಬಂದಾಗ ತೆರೆಯ ಮೇಲೆ ಚಿತ್ರವನ್ನೇ ತಡೆದು ನಿಲ್ಲಿಸಿ, ಗಾಯವಾದದ್ದು ಇಲ್ಲೇ ಎಂದು ಬರೆದು ತೋರಿಸಿದರು.

ಕೂಲಿಯ ವೇಷ ಹಾಕಿದವನಿಗೆ ಇಷ್ಟೆಲ್ಲ. ನಿಜವಾದ ಕೂಲಿಗೆ ಏನು?

“ಅವರು ದೊಡ್ಡವರು, ನಾವು ಚಿಕ್ಕವರು, ನಮ್ಮ ಹಣೆಬರಹ” ಎನ್ನುವವರಿದ್ದಾರೆ. ಹಣೆಬರಹವಲ್ಲ, ಹಣದ ಬರಹ. ಆ ನಾಯಕನ ಮೇಲೆ ಬಂಡವಾಳ ಹೂಡಿದ್ದರು, ಅದಕ್ಕೇ ಕಾದರು. ಸಿನಿಮಾದಲ್ಲೂ ಬಡ ಕೆಲಸಗಾರನಿಗೆ ಅಂಥ ಕಾಯುವಿಕೆ ಇಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಹಿಂದಿ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತೇ? 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಮೂವರು ಹಾರಿದರು. ನಾಯಕ ಬದುಕಿದರು. ಖಳರ ಪಾತ್ರದ ಅನಿಲ್ ಮತ್ತು ಉದಯ್ ಮುಳುಗಿದರು. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಸಾಹಸ ಕಲಾವಿದನೊಬ್ಬ ವಿದ್ಯುತ್ ತಗುಲಿ ಸತ್ತ.

ಇನ್ನೊಂದು ಮಾತು. ‘ಕೂಲಿ’ಯ ಅಪಘಾತವಾದಾಗ ಜನ ಬೈದದ್ದು ಯಾರನ್ನು? ಹೇಳಿಕೊಟ್ಟಂತೆ ಕೈ ಬೀಸಿದ ಪುನೀತ್ ಇಸ್ಸಾರ್ ಅವರನ್ನು. ಕೈಗೆ ಬಂದ ಚಿತ್ರಗಳೂ ತಪ್ಪಿದವೆಂದು ಅವರು ಹೇಳಿದ್ದಾರೆ. ಆ ಮೇಜನ್ನು ಅಲ್ಲಿ ಇಡಿಸಿದವರು ಯಾರೆಂದು ಕೇಳಿದವರು ಕಡಿಮೆ. ನಮ್ಮಲ್ಲೂ ಇದೇ ನಡೆಯುತ್ತದೆ. ಏಣಿ ಜಾರಿದರೆ ಏಣಿ ಹಿಡಿದವನ ತಪ್ಪು. ಹಳೆಯ ಏಣಿ ಕೊಟ್ಟವನನ್ನು ಯಾರೂ ಕೇಳುವುದಿಲ್ಲ.

ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಗುಲಾಬಿ ತೋಟಗಳಲ್ಲಿ ಔಷಧಿ ಸಿಂಪಡಿಸುವವರ ತಲೆ ಸುತ್ತುವಿಕೆಗೆ ರಕ್ತ ಬರುವುದಿಲ್ಲ. ಕೃಷ್ಣಗಿರಿಯ ಕಲ್ಲುಗಣಿಯಲ್ಲಿ ಧೂಳು ಕುಡಿದವನ ಎದೆ ಹೊರಗೆ ಕಾಣುವುದಿಲ್ಲ. ರಕ್ತ ಕಾಣದಿದ್ದರೆ ಮೇಸ್ತ್ರಿ ನಂಬುವುದಿಲ್ಲ. ಅಮಿತಾಭರ ಗಾಯವೂ ಹೊರಗೆ ಕಾಣದ ಗಾಯವೇ ಆಗಿತ್ತೆಂದು ಅವನಿಗೆ ಹೇಳಿರಿ.

ನಾವು ಬೇಡುವುದು ದಾನವಲ್ಲ. ಕೆಲಸದ ವೇಳೆಯಲ್ಲಿ, ಕೆಲಸದಿಂದ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕೆಂದು 1923ರಲ್ಲೇ ಕಾಯಿದೆ ಆಯಿತು. ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ತತ್ತ್ವವಿದೆ. ಮಾಲೀಕನ ತಪ್ಪನ್ನು ನಾವು ರುಜುವಾತು ಮಾಡಬೇಕಾಗಿಲ್ಲ. ಕಂತ್ರಾಟುದಾರನ ಕೈಕೆಳಗೆ ದುಡಿಯುವವನಿಗೂ ಈ ಹಕ್ಕು ಉಂಟು. ಇ.ಎಸ್.ಐ. ಇದ್ದವರಿಗೆ ಅದರ ಮೂಲಕ ಸಿಗುತ್ತದೆ.

ಆದರೆ ಗಾಯವಾದದ್ದು ಎಲ್ಲಿಯೂ ದಾಖಲಾಗದಿದ್ದರೆ ಕಾಯಿದೆ ಇದ್ದೂ ಇಲ್ಲದಂತೆ. ಮನಮೋಹನ ದೇಸಾಯಿ ಚಿತ್ರ ನಿಲ್ಲಿಸಿ ತೋರಿಸಿದಂತೆ ನಮ್ಮ ಗಾಯವನ್ನು ಯಾರೂ ನಿಲ್ಲಿಸಿ ತೋರಿಸುವುದಿಲ್ಲ. ಆ ಕೆಲಸ ನಮ್ಮದೇ. ಪ್ರತಿ ಸಾಲುಮನೆಯಲ್ಲಿ ಒಂದು ನೋಟುಪುಸ್ತಕ ಇಡಿರಿ. ಗಾಯವಾದ ದಿನವೇ ತಾರೀಖು, ಹೊತ್ತು, ಜಾಗ, ಮಾಡುತ್ತಿದ್ದ ಕೆಲಸ, ನೋಡಿದವರ ಹೆಸರು ಬರೆಯಿರಿ. ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿರಿ. ಆಸ್ಪತ್ರೆಯಲ್ಲಿ “ಕೆಲಸದಲ್ಲಿ ಆದ ಗಾಯ” ಎಂದೇ ಬರೆಸಿರಿ. “ಮನೆಯಲ್ಲಿ ಬಿದ್ದೆ ಎನ್ನು” ಎಂದು ಮೇಸ್ತ್ರಿ ಹೇಳಿಕೊಟ್ಟರೆ ಒಪ್ಪಬೇಡಿರಿ. ಬಿದ್ದವನ ಪಕ್ಕದಲ್ಲಿ ದುಡಿಯುವವನು ಸಾಕ್ಷಿ ಹೇಳಲು ಹೆದರಬಾರದು.

ಒಬ್ಬ ಕೂಲಿಯ ಪಾತ್ರಕ್ಕಾಗಿ ಒಂದು ದೇಶ ಕಣ್ಣೀರು ಹಾಕಿತು. ಪಕ್ಕದ ಸಾಲಿನ ಕೂಲಿಗಾಗಿ ನಾವು ಒಂದು ಪುಟ ಬರೆಯಲಾರೆವೇ?